ಎಲ್ಲರಿಗೂ ತೆರೆದ ಕಡತ

"ಅಮ್ಮಾ, ಎಲ್ಲರಿಗೂ ಎಲ್ಲ ಅನುಮತಿ ಕೊಟ್ಟುಬಿಟ್ಟರೆ ಇದು ಈಗಲೇ ಓಡುತ್ತದೆ. ಕೊಡಲೇ?" ಎಂದು ಶಿಷ್ಯ ಕೇಳಿದ.

ಅವನು ಬೆಳಗಿನಿಂದ ಒಂದು ಸರ್ವರಿಗೆ ನಿಗಾ ತಂತ್ರಾಂಶವನ್ನು ಅಳವಡಿಸುತ್ತಿದ್ದ. ಸರ್ವರ್ ಬರೆದಿಡುವ ಕಡತವನ್ನು ಆ ತಂತ್ರಾಂಶ ಓದಬೇಕು. ಓದಲು ಹೋದಾಗಲೆಲ್ಲ 'ಅನುಮತಿ ಇಲ್ಲ' ಎಂಬ ಒಂದೇ ಸಾಲು ತೆರೆಯ ಮೇಲೆ ಬರುತ್ತಿತ್ತು. ಸಂಜೆಯೊಳಗೆ ಮುಗಿಸುತ್ತೇನೆಂದು ಅವನು ಮಾತು ಕೊಟ್ಟಿದ್ದ. ಬೆರಳು ಆಗಲೇ ಕೀಲಿಮಣೆಯ ಮೇಲಿತ್ತು.

"ಕೈ ತೆಗೆ," ಎಂದರು ಗುರು ನೀಲಗಂಗಮ್ಮ. "ಒಂದು ಕತೆ ಕೇಳು. ಕೇಳಿದ ಮೇಲೂ ಕೊಡಬೇಕು ಅನ್ನಿಸಿದರೆ ಕೊಡು. ನಾನು ತಡೆಯುವುದಿಲ್ಲ."

ಅವರು ಹೇಳಿದ ಕತೆ ಇದು.

ಒಂದು ಊರಿನಲ್ಲಿ ಲಸಿಕೆಯ ಉಗ್ರಾಣವಿತ್ತು. ಸುತ್ತಲಿನ ಹಳ್ಳಿಗಳ ಮಕ್ಕಳಿಗೆ ಅಲ್ಲಿಂದಲೇ ಲಸಿಕೆ ಹೋಗಬೇಕು. ಲಸಿಕೆ ಇಡುವ ತಣ್ಣನೆಯ ಕೋಣೆಯ ತಾಪಮಾನ ಎಂಟು ಡಿಗ್ರಿ ದಾಟಬಾರದು. ದಾಟಿದರೆ ಸೀಸೆ ನೋಡಲು ಹಾಗೆಯೇ ಇರುತ್ತದೆ, ಒಳಗಿನ ಮದ್ದು ಮಾತ್ರ ಸತ್ತಿರುತ್ತದೆ. ಅದು ಚುಚ್ಚಿದವರಿಗೂ ತಿಳಿಯದು, ಮಗುವಿನ ತಾಯಿಗೂ ತಿಳಿಯದು.

ಆ ಉಗ್ರಾಣವನ್ನು ಒಬ್ಬ ಹೆಂಗಸು ನೋಡಿಕೊಳ್ಳುತ್ತಿದ್ದಳು. ಹದಿನಾಲ್ಕು ವರ್ಷ ಅವಳು ತಾಪಮಾನ ನೋಡಿ, ಪುಸ್ತಕದಲ್ಲಿ ಬರೆದು, ಕೆಳಗೆ ಸಹಿ ಹಾಕಿದ್ದಳು. ಆಮೇಲೆ ಸರ್ವರ್ ಬಂತು. ಅದು ಐದು ನಿಮಿಷಕ್ಕೊಮ್ಮೆ ತಾಪಮಾನವನ್ನು ಒಂದು ಕಡತದಲ್ಲಿ ಬರೆಯತೊಡಗಿತು. ಪುಸ್ತಕ ಕಪಾಟು ಸೇರಿತು. ಗಂಟೆಗೊಮ್ಮೆ ಆ ಕಡತವನ್ನು ಓದಿ, ತಾಪಮಾನ ಏರಿದ್ದರೆ ಎಚ್ಚರಿಸುವ ನಿಗಾ ತಂತ್ರಾಂಶವನ್ನು ಅಳವಡಿಸಲು ಒಬ್ಬ ತಂತ್ರಜ್ಞ ಬಂದ.

ಅವನು ತಂತ್ರಾಂಶಕ್ಕೆ ಪ್ರತ್ಯೇಕವಾಗಿ ಒಂದು ಖಾತೆ ತೆರೆದ. ಓದುವುದೊಂದೇ ಆ ಖಾತೆಯ ಹಕ್ಕು. ತಂತ್ರಾಂಶ ಓದಲು ಹೋಯಿತು, ಅನುಮತಿ ಇಲ್ಲ ಎಂದಿತು. ಅವನು ಕಡತವನ್ನು ನೋಡಿದ. ಬರೆಯುವ ಹಕ್ಕು ಸರ್ವರಿಗೆ ಮಾತ್ರ, ಆದರೆ ಯಾರು ಬೇಕಾದರೂ ಓದಬಹುದು ಎಂದೇ ಇತ್ತು. ಮತ್ತೆ ಓಡಿಸಿದ. ಮತ್ತೆ ಅದೇ ಸಾಲು. ಐದು ಸಲ ನೋಡಿದ್ದನ್ನೇ ಆರನೆಯ ಸಲವೂ ನೋಡಿದ. ಆಚೆ ಅವನನ್ನು ಕರೆದೊಯ್ಯಲು ಬಂದ ಜೀಪು ಹಾರ್ನ್ ಹಾಕುತ್ತಿತ್ತು.

"ಫೈಲು ತೆರೆದೇ ಇದೆ, ಆದರೂ ಒಳಗೆ ಬಿಡ್ತಾ ಇಲ್ಲ," ಎಂದು ಗೊಣಗಿದ.

ಹೆಂಗಸು ಅಂದಳು: "ನಮ್ಮಲ್ಲಿ ಹೊಸ ಆಯಾ ಬಂದಾಗ ಕೋಣೆ ಬೀಗದ ಕೈ ಕೊಟ್ಟು ಗೇಟಿಂದು ಕೊಡೋದು ಮರೆತಿದ್ವಿ ತಮ್ಮಾ. ಪಾಪ, ಮಧ್ಯಾಹ್ನದ ತನಕ ರಸ್ತೇಲೇ ನಿಂತಿದ್ದಳು."

"ಇದು ಕಂಪ್ಯೂಟರ್ ಅಕ್ಕ. ಇದಕ್ಕೆ ಗೇಟೂ ಇಲ್ಲ, ಆಯಾನೂ ಇಲ್ಲ."

"ಆಗಲಿ ಬಿಡಪ್ಪ. ನಾನು ಕಂಡಿದ್ದು ಹೇಳಿದೆ."

ಅವನು ಬೇರಿನಿಂದ ತುದಿಯವರೆಗೆ ಎಲ್ಲ ಫೋಲ್ಡರುಗಳನ್ನೂ, ಒಳಗಿನ ಕಡತಗಳನ್ನೂ ಎಲ್ಲರಿಗೂ ತೆರೆದುಬಿಟ್ಟ. ಯಾರು ಬೇಕಾದರೂ ಓದಬಹುದು, ಯಾರು ಬೇಕಾದರೂ ಬರೆಯಬಹುದು. ತಂತ್ರಾಂಶ ಕಡತವನ್ನು ಓದಿತು, ತೆರೆ ಹಸಿರಾಯಿತು.

"ಏನಾಗಿತ್ತು ಅದಕ್ಕೆ?" ಎಂದು ಹೆಂಗಸು ಕೇಳಿದಳು.

"ಏನಾಗಿತ್ತೋ! ಈಗ ಓಡ್ತಾ ಇದೆಯಲ್ಲ," ಎಂದು ಅವನು ಜೀಪು ಹತ್ತಿದ.

ಎರಡು ತಿಂಗಳು ತೆರೆ ಹಸಿರಾಗಿಯೇ ಇತ್ತು. ಲಸಿಕೆ ಹಳ್ಳಿಗಳಿಗೆ ಹೋಗುತ್ತಿತ್ತು.

ಒಂದು ದೊಡ್ಡ ಶಿಬಿರದ ಹಿಂದಿನ ದಿನ ಆ ಹೆಂಗಸು ಕಡತವನ್ನು ಮೊದಲಿನಿಂದ ಓದುತ್ತ ಕುಳಿತಳು. ಯಾರೂ ಅವಳಿಗೆ ಓದಲು ಹೇಳಿರಲಿಲ್ಲ. ಒಂದು ಮಂಗಳವಾರ ಹನ್ನೊಂದು ಸಾಲುಗಳಲ್ಲಿ ಸತತವಾಗಿ ಐದು ಡಿಗ್ರಿ ಎಂದಿತ್ತು. ಒಂದು ಚೂರೂ ಹೆಚ್ಚಿಲ್ಲ, ಕಡಿಮೆಯಿಲ್ಲ. ತಂತ್ರಜ್ಞನನ್ನು ಕರೆಸಿದಳು.

"ನನ್ನ ಕೋಣೆ ಇಷ್ಟು ಹೊತ್ತು ಅಲ್ಲಾಡದೆ ನಿಂತಿದ್ದನ್ನ ನಾನು ಒಂದು ದಿನಾನೂ ಕಂಡಿಲ್ಲ," ಎಂದಳು. "ಬಾಗಿಲು ತೆಗೆದರೆ ಏರುತ್ತೆ, ಮೋಟರು ಹತ್ತಿದರೆ ಇಳಿಯುತ್ತೆ. ಇದು ಮಿಷನ್ ಬರೆದಿದ್ದಲ್ಲ."

ತಂತ್ರಜ್ಞ ನೋಡಿದ. ಅವಳ ಮಾತು ನಿಜವಾಗಿತ್ತು. ಯಾರೋ ಕೋಣೆಯ ಬಾಗಿಲು ಮುಚ್ಚಲು ಮರೆತಿರಬೇಕು. ಆಮೇಲೆ ಹೆದರಿ, ತಂತ್ರಾಂಶ ಓದುವ ಮೊದಲೇ ಅಂಕಿಗಳನ್ನು ಅಳಿಸಿ ಐದೆಂದು ಬರೆದಿರಬೇಕು. ಅಲ್ಲಿ ಮೊದಲು ಹತ್ತು ಇತ್ತೋ, ಇಪ್ಪತ್ತು ಇತ್ತೋ ಹೇಳುವವರಿಲ್ಲ. ಇದೊಂದೇ ದಿನವೋ, ಬೇರೆ ದಿನವೂ ಹೀಗೆ ಮಾಡಿದ್ದಾರೋ, ಅದಕ್ಕೂ ಉತ್ತರವಿಲ್ಲ. ಸಂಶಯ ಹನ್ನೊಂದು ಸಾಲುಗಳಲ್ಲಿ ನಿಲ್ಲಲಿಲ್ಲ. ಎರಡು ತಿಂಗಳ ಒಂದೊಂದು ಅಂಕಿಯೂ ಸುಳ್ಳಾಗಿರಬಹುದು ಎಂದಾಯಿತು.

ಅಂದು ಅವನು ಮೊದಲ ಸಲ ಕಡತಕ್ಕೆ ಹೋಗುವ ದಾರಿಯನ್ನು, ಒಂದರೊಳಗೊಂದಿದ್ದ ಫೋಲ್ಡರುಗಳನ್ನು, ಬೇರಿನಿಂದ ಒಂದೊಂದೇ ಮೆಟ್ಟಿಲಾಗಿ ನೋಡಿದ. ಕಡತದಲ್ಲಿ ಯಾವ ದೋಷವೂ ಇರಲಿಲ್ಲ. ಅದಕ್ಕಿಂತ ಎರಡು ಮೆಟ್ಟಿಲು ಮೇಲಿನ ಒಂದು ಫೋಲ್ಡರು ತಂತ್ರಾಂಶದ ಖಾತೆಗೆ ಹಾದುಹೋಗಲು ಬಿಡುತ್ತಿರಲಿಲ್ಲ, ಅಷ್ಟೆ. ಅಲ್ಲೊಂದು ಕಡೆ, ಆ ಒಂದು ಖಾತೆಗೆ ಮಾತ್ರ, ಹಾದುಹೋಗುವ ಅನುಮತಿ ಕೊಟ್ಟಿದ್ದರೆ ಸಾಕಾಗಿತ್ತು. ಹತ್ತು ನಿಮಿಷದ ಕೆಲಸ.

ಮರುದಿನ ಬೆಳಿಗ್ಗೆ ತಾಯಂದಿರು ಕೂಸುಗಳನ್ನು ಎತ್ತಿಕೊಂಡು ಶಿಬಿರಕ್ಕೆ ಬಂದರು. ಅವರನ್ನು ಹಾಗೆಯೇ ಹಿಂದಕ್ಕೆ ಕಳುಹಿಸಿದರು. ಉಗ್ರಾಣದ ಸೀಸೆಗಳನ್ನೆಲ್ಲ, ಕೆಟ್ಟದ್ದರ ಜೊತೆ ಒಳ್ಳೆಯದನ್ನೂ, ಎಸೆದರು. ಎರಡು ತಿಂಗಳಲ್ಲಿ ಲಸಿಕೆ ಹಾಕಿಸಿಕೊಂಡ ಮಕ್ಕಳ ಮನೆಗಳಿಗೆ, ಮತ್ತೆ ಹಾಕಿಸಬೇಕೆಂದು ಹೇಳಲು ಜನ ಹೋದರು. ಒಂದು ಹಳ್ಳಿಯಲ್ಲಿ ತಾಯಿಯೊಬ್ಬಳು, "ಅಂದು ಚುಚ್ಚಿದ್ದು ಏನು ಹಾಗಾದರೆ?" ಎಂದು ಕೇಳಿದಳು. ಹೋದವರು ಮಗುವಿನ ಹೆಸರನ್ನು ಪಟ್ಟಿಗೆ ಬರೆದುಕೊಂಡು ಮುಂದಿನ ಮನೆಗೆ ನಡೆದರು.

ಆ ಸರ್ವರಿನಲ್ಲಿ ಕೆಲಸ ಮಾಡುತ್ತಿದ್ದವರು ಒಂಬತ್ತು ಮಂದಿ. ಒಂಬತ್ತು ಮಂದಿಯನ್ನೂ ಕೂರಿಸಿ ಕೇಳಿದರು. ಒಂಬತ್ತು ಮಂದಿಯೂ ನಾನಲ್ಲ ಎಂದರು. ಅವರಲ್ಲಿ ಆ ಹೆಂಗಸೂ ಒಬ್ಬಳು.

ಹೊರಗೆ ಬಂದು ಅವಳು ತಂತ್ರಜ್ಞನಿಗೆ ಹೇಳಿದಳು: "ಹದಿನಾಲ್ಕು ವರ್ಷ ನನ್ನ ಅಕ್ಷರ ಇತ್ತು, ಕೆಳಗೆ ನನ್ನ ಸಹಿ ಇತ್ತು. ತಪ್ಪಾಗಿದ್ದರೆ ನನ್ನದೇ ಅಂತ ಒಪ್ಪಿಕೊಳ್ತಿದ್ದೆ. ಈಗ ನಾನು ಮಾಡಿಲ್ಲ ಅನ್ನೋದನ್ನ ಯಾವುದನ್ನ ತೋರಿಸಿ ಹೇಳಲಿ ತಮ್ಮಾ?"

ಕತೆ ಅಲ್ಲಿಗೆ ನಿಂತಿತು. ಶಿಷ್ಯ ತಡೆಯಲಾರದೆ ಕೇಳಿದ: "ಅಮ್ಮಾ, ಕೊನೆಗೆ ಆ ಅಂಕಿಗಳನ್ನು ಬದಲಾಯಿಸಿದವರು ಯಾರು?"

ಗುರು ಹೇಳಿದರು: "ಎಲ್ಲವನ್ನೂ ತೆರೆದವನು, ಅದನ್ನು ತಿಳಿಯುವ ದಾರಿಯೊಂದನ್ನು ಮಾತ್ರ ಮುಚ್ಚಿಬಿಟ್ಟಿದ್ದ."