ಮೇಲಿನ ಕಂಪ್ಯೂಟರು, ಕೆಳಗಿನ ಪ್ರಿಂಟರು

ಕೇಳ್ರಿ, ಹೊಳಿದಂಡಿ ಊರಾಗ ಫಕೀರವ್ವ ಅಂತ ಒಬ್ಬಾಕಿ ಇದ್ಲು. ಮನಿಮನಿಗೆ ರೊಟ್ಟಿ ಬಡಿದು ಕೊಟ್ಟು ಮಗನ್ನ ಸಾಕಿದಾಕಿ. ಮಗ ಯಲಗೂರ. ಮೀಸಿ ಬಂದಿತ್ತು, ಬುದ್ಧಿ ಮಾತ್ರ ಇನ್ನೂ ದಾರ್ಯಾಗಿತ್ತು. ಹೇಳಿದ್ದನ್ನ ಹೇಳಿದಂಗ ಮಾಡಾಂವ, ಗುಂಜಿ ಹೆಚ್ಚಿಲ್ಲ, ಗುಂಜಿ ಕಡಿಮಿಲ್ಲ. "ನಾ ಹೋದ ಮ್ಯಾಲ ಇವನ್ನ ಯಾರು ನೋಡ್ತಾರ ಯಪ್ಪಾ?" ಅಂತ ಆಕಿ ಹಂಚಿನ ಮುಂದ ಕುಂತು ಕಣ್ಣೀರು ಹಾಕ್ತಿದ್ಲು.

ಊರ ಲೈಬ್ರರಿಯ ಶಾಹೀನ ಮೇಡಂಗ ಕನಿಕರ ಬಂತು. ಅಲ್ಲಿ ಎರಡು ಕಂಪ್ಯೂಟರು, ಎರಡರಾಗೂ ಲಿನಕ್ಸ್ ಅನ್ನೂ ಸಾಫ್ಟ್‌ವೇರು. ಯಾರು ಬೇಕಾದ್ರೂ ಪುಕ್ಕಟ ಹಾಕ್ಕೊಂಡು, ಒಳಗ ಕೈಯಾಡಸಬಹುದು ನೋಡ್ರಿ, ಅಂಥಾದ್ದು. ಒಂದು ಮಾಳಿಗಿ ಮ್ಯಾಲ, ಒಂದು ಕೆಳಗ. ಪ್ರಿಂಟರು ಕೆಳಗಿಂದಕ್ಕ ಅಷ್ಟ ಜೋಡಿಸಿತ್ತು. ಮೇಡಂ ಯಲಗೂರನ್ನ ಕರದು ಹೇಳಿದ್ರು:

"ಯಲಗೂರ, ಮ್ಯಾಲಿನ ಕಂಪ್ಯೂಟರಿನಿಂದನೂ ಈ ಪ್ರಿಂಟರಿನಾಗ ಹಾಳಿ ಬರಬೇಕು. ಶುಕ್ರವಾರ ಪಂಚಾಯ್ತಿ ಅಧ್ಯಕ್ಷರು ಬರ್ತಾರ. ಅಷ್ಟರಾಗ ಮಾಡಿ ತೋರಿಸಿದ್ರ ಲೈಬ್ರರಿ ನೌಕರಿ ನಿಂದ!"

ಮಂಗಳವಾರ ಯಲಗೂರ ಏನ ಮಾಡಿದ? ಪ್ರಿಂಟರನ್ನ ಕಿತ್ತ, ತಲಿಮ್ಯಾಲ ಹೊತ್ತ, ಮಾಳಿಗಿ ಹತ್ತಿದ. ವೈರ್ ಚುಚ್ಚಿದ. ಹಾಳಿ ಬಂತು! ಕುಣದಾಡಿದ.

"ಅಯ್ಯ ಪುಣ್ಯಾತ್ಮ!" ಅಂದ್ರು ಮೇಡಂ. "ಹೊತ್ಕೊಂಡು ಹೋಗೂದಲ್ಲೋ! ಮೊದಲ ಅದನ್ನ ಕೆಳಗ ಇಡು, ಇದ್ದದ್ದು ಇದ್ದಲ್ಲೇ ಇರಲಿ. ಪ್ರತಿ ಕಂಪ್ಯೂಟರಿಗೂ ಒಂದು ನಂಬರಿನ ವಿಳಾಸ ಇರತೈತಿ. ಮ್ಯಾಲಿನದರಾಗ ಕೆಳಗಿನದರ ವಿಳಾಸ ಬರೀ, ತಾನ ಹೋಗಿ ಮುಟ್ಟತೈತಿ."

"ಹೂಂ ರೀ ಮೇಡಂ, ಇನ್ನ ಹಂಗ ಮಾಡ್ತೀನಿ."

ಬುಧವಾರ ಫಕೀರವ್ವ ಮೇಡಂಗ ಅಂತ ಬಿಸಿ ರೊಟ್ಟಿ, ಬದನಿಕಾಯಿ ಎಣಗಾಯಿ ಗಂಟು ಕಟ್ಟಿಕೊಟ್ಲು. "ಇದನ್ನ ಅವರಿಗೆ ಮುಟ್ಟಸಪಾ." ಯಲಗೂರ ಗಂಟಿನ ಮ್ಯಾಲ ಲೈಬ್ರರಿ ವಿಳಾಸ ಬರದ, ಮನಿ ಕಟ್ಟಿಮ್ಯಾಲ ಇಟ್ಟ, ಕೈಬೀಸಿ ನಡದ. ಗಂಟು ಮುಟ್ಟಿದ್ದು ಓಣಿ ನಾಯಿಗೆ.

"ಹುಚ್ಚಪ್ಯಾಲಿ!" ಅಂತ ಹಣಿ ಬಡಕೊಂಡ್ಲು ಫಕೀರವ್ವ. ಆದ್ರೂ ಮಗನ ತಾಟಿಗೆ ತನ್ನ ಪಾಲಿನ ರೊಟ್ಟಿನೂ ಹಾಕಿದ್ಲು. ಹೊಡಿಯಾಕ ಕೈ ಎತ್ತಿದ್ರ ಆ ಕೈ ಹೋಗಿ ಅವನ ತಲಿ ಸವರತಿತ್ತು, ಏನ ಮಾಡ್ತಾಳ ಪಾಪ!

ಅತ್ತ ಕಂಪ್ಯೂಟರಿನಾಗ ವಿಳಾಸ ಬರದ್ರೂ ಹಾಳಿ ಬಂದಿರಲಿಲ್ಲ. ಮೇಡಂ ತಿಳಿಸಿ ಹೇಳಿದ್ರು: "ಕೆಳಗಿನ ಕಂಪ್ಯೂಟರು ಗುರ್ತಿಲ್ಲದವರನ್ನ ಒಳಗ ಬಿಡೂದಿಲ್ಲೋ. ಅದರಾಗ ಒಂದು ಪಟ್ಟಿ ಐತಿ, ಮ್ಯಾಲಿನದರ ನಂಬರು ಸೇರಸು. ಪಟ್ಟಿಯೊಳಗ ಇದ್ದವರು ಒಳಗ, ಇಲ್ಲದವರು ಹೊರಗ!"

"ಹೂಂ ರೀ ಮೇಡಂ, ಇನ್ನ ಹಂಗ ಮಾಡ್ತೀನಿ."

ಪಟ್ಟಿಗೆ ನಂಬರು ಸೇರಿಸಿದ. ಬರೋಬ್ಬರಿ ಸೇರಿಸಿದ, ಸುಳ್ಳ್ಯಾಕ ಹೇಳಲಿ! ಆದ್ರ ಗುರುವಾರ ಮುಂಜಾನೆ ಅದ ಪಟ್ಟಿನ್ನ ಹಾಳಿಮ್ಯಾಲ ಬರಕೊಂಡು ಲೈಬ್ರರಿ ಬಾಗಲಾಗ ಕುರ್ಚಿ ಹಾಕ್ಕೊಂಡು ಕುಂತುಬಿಟ್ಟ.

ಪೇಪರ್ ಓದಾಕ ಬಂದ ಮುದುಕರಿಗೆ, "ನಿಮ್ಮ ನಂಬರು ಪಟ್ಟಿಯಾಗಿಲ್ರಿ, ಹೊರಗ!" ಪರೀಕ್ಷಾಕ್ಕ ಓದೂ ಹುಡುಗ್ಯಾರಿಗೆ, "ಹೊರಗ!" ಕಡೀಕ ಮೇಡಂ ಬಂದ್ರು. ಪಟ್ಟಿ ನೋಡಿದ. "ನಿಮ್ಮದೂ ಇಲ್ರಿ ಮೇಡಂ." ಮೇಡಂ ಬಿಸಲಾಗ ಅರ್ಧ ತಾಸು ನಿಂತ್ರು. ಬಾಯಿ ಮಾಡಿದ್ರು, ಬೇಡಕೊಂಡ್ರು. ಯಲಗೂರ ಒಂದಕ್ಕ ಎರಡು ಮಾತಾಡಿ ಓಣಿ ಮಂದಿನ್ನೆಲ್ಲಾ ಕೂಡಿಸಿದ.

ಸುದ್ದಿ ಕೇಳಿ ಫಕೀರವ್ವ ಹಿಟ್ಟಿನ ಕೈಲೇ ಓಡಿ ಬಂದ್ಲು. ನಾಳಿನ ಶುಕ್ರವಾರ! ಇದೊಂದು ನೌಕರಿ ತಪ್ಪಿದ್ರ ಈ ಜೀವಕ್ಕ ಮತ್ತ ಯಾರು ದಿಕ್ಕು? "ನಿನ್ನ ಬಾಯಿನ ನಿನಗ ವೈರಿ ನೋಡು! ನಾಳೆ ಯಾರು ಏನ ಕೇಳಿದ್ರೂ ತುಟಿ ಬಿಚ್ಚಬ್ಯಾಡ. ಮಾತಾಡೂದಿದ್ರ ಆ ಪ್ರಿಂಟರು ಮಾತಾಡಲಿ!"

"ಹೂಂ ಯವ್ವಾ, ಇನ್ನ ಹಂಗ ಮಾಡ್ತೀನಿ."

ಶುಕ್ರವಾರ ಅಧ್ಯಕ್ಷ ಹೂಗಾರ ಸಾಹೇಬ್ರು ಬಂದು ಕೆಳಗ ಕುಂತ್ರು. ಫಕೀರವ್ವ ಬಾಗಲ ಮರಿಗೆ ನಿಂತಿದ್ಲು, ಸೆರಗು ಬಾಯಾಗ.

"ಏನಪಾ ತಮ್ಮಾ, ನಿನ್ನ ಹೆಸರೇನು?"

ಯಲಗೂರ ಕಣ್ಣು ಪಿಳಿಪಿಳಿ ಮಾಡಿದ. ಧಡಧಡ ಮಾಳಿಗಿ ಹತ್ತಿ ಓಡಿದ. "ಇಂವಾ ಎಲ್ಲಿ ಓಡಿದ?" ಅಂತ ಸಾಹೇಬ್ರು ಅನ್ನೂದ್ರಾಗ ಪ್ರಿಂಟರು ಗರಗರ ಅಂತು. ಹಾಳಿ ಬಂತು: "ಯಲಗೂರ ರೀ."

"ಅರೆ! ಇದು ಮ್ಯಾಲಿಂದ ಬಂತೇನು?" ಅಂತ ಸಾಹೇಬ್ರು ಕೂಗಿದ್ರು.

ಗರಗರ. "ಹೌದ್ರಿ."

"ಯಾರು ಕಲಿಸಿದ್ರು?"

ಗರಗರ. "ಮೇಡಂ ರೀ. ಬೈದು ಕಲಿಸಿದ್ರು."

ಸಾಹೇಬ್ರು ಹೊಟ್ಟಿ ಹಿಡಕೊಂಡು ನಕ್ರು. "ಶಾಹೀನವ್ವಾರ, ಇದಕ್ಕಿಂತ ದೊಡ್ಡ ಪರೀಕ್ಷೆ ಬೇಕೇನ್ರಿ? ಸೋಮವಾರದಿಂದ ಬರಾಕ ಹೇಳ್ರಿ ಇವಗ!" ಅಂದು ಎದ್ದು ಹೋದ್ರು.

ಫಕೀರವ್ವ ಪ್ರಿಂಟರಿನ ಮುಂದ ಗೊಳೋ ಅಂತ ಅತ್ಲು. ಎಷ್ಟು ವರ್ಷದ ಅಂಜಿಕಿ ಅದು! "ನನ ಮಗನ, ನನ ಬಂಗಾರ, ಇಳದ ಬಾರೋ. ನಿನ್ನ ಮಾರಿ ನೋಡ್ತೀನಿ!"

ಗರಗರ. ಹಾಳಿ ಬಂತು. ಆಕಿಗೆ ಓದಾಕ ಬರೂದಿಲ್ಲ, ಮೇಡಂ ಓದಿದ್ರು: "ಬಂದೆ ಯವ್ವಾ. ಅಳಬ್ಯಾಡ."

ತಾಯಿ ಕಣ್ಣೊರಸಿಕೊಂಡು ಮೆಟ್ಟಲ ಕಡೆ ನೋಡಿದ್ಲು. ಮಗ ಇಲ್ಲ.

"ಸಾಕೋ, ಬಾಯಿ ಬಿಚ್ಚಿ ಮಾತಾಡೋ! ಎಲ್ಲಿದ್ದೀಯೋ?"

ಗರಗರ. ಮೇಡಂ ಓದಿದ್ರು: "ಮೆಟ್ಟಲ ಇಳಿಯಾಕ ಹತ್ತೀನಿ."