ಗಡಿಕಲ್ಲಿನ ಬುಡದ ತೂತು

ಹೊಳೆ ಸಮುದ್ರ ಸೇರುವ ಜಾಗದಲ್ಲಿ ಒಂದು ಊರಿತ್ತು. ಅಲ್ಲಿನ ಗದ್ದೆಗಳಿಗೆ ಗಜನಿ ಎಂದು ಹೆಸರು. ಗದ್ದೆಗೂ ಹೊಳೆಯ ಉಪ್ಪುನೀರಿಗೂ ನಡುವೆ ಇದ್ದದ್ದು ಒಂದೇ ಒಂದು ಮಣ್ಣಿನ ಕಟ್ಟೆ. ಅದರ ಒಳಗೆ ಕಗ್ಗ ಎಂಬ ಭತ್ತ ಬೆಳೆಯುತ್ತಿದ್ದರು. ಸ್ವಲ್ಪ ಉಪ್ಪು ತಾಗಿದರೂ ಸಾಯದ ಗಟ್ಟಿ ಜಾತಿ ಅದು. ಕಟ್ಟೆ ಅಜ್ಜಂದಿರು ಕಟ್ಟಿದ್ದು, ಬೀಜ ಅಜ್ಜಿಯರು ಉಳಿಸಿದ್ದು. ದಿನಾ ಕೂತು ಉಣ್ಣುವವರಿಗೆ ಅದರಲ್ಲಿ ಏನೂ ವಿಶೇಷ ಕಾಣುತ್ತಿರಲಿಲ್ಲ ಬಿಡಿ.

ಮಳೆಗಾಲಕ್ಕೆ ಮೊದಲು ಊರಿಗೆ ಊರೇ ಹೋಗಿ ಕಟ್ಟೆಗೆ ಮಣ್ಣು ಹಾಕಿ ಬರುವುದು ರೂಢಿ. ಒಂದು ವರ್ಷ ಯಾರೋ ತಡವಾಗಿ ಬಂದರು. ಇನ್ಯಾರೋ ನಾಲ್ಕು ಬುಟ್ಟಿ ಹೊತ್ತು ನೆರಳಿಗೆ ಕೂತರು. ಮಾತಿಗೆ ಮಾತು ಬೆಳೆಯಿತು. "ಹಿಂಗಾದ್ರೆ ಆಗೂದಿಲ್ಲ. ಪಾಲು ಹಾಕ್ಕೊಳ್ಳುವ. ಅವರವರ ಕಟ್ಟೆ ಅವರವರಿಗೆ" ಎಂದರು. ಎಲ್ಲರಿಗೂ ಅದು ಬಹಳ ನ್ಯಾಯವಾದ ಮಾತಾಗಿ ಕಂಡಿತು. ಕಟ್ಟೆಯ ಉದ್ದಕ್ಕೂ ಗಡಿಕಲ್ಲು ನೆಟ್ಟು ಮನೆಗೆ ಹೋದರು.

ಬೀರ ಗೌಡ ಮತ್ತು ಸಣ್ಣು ಗೌಡರ ಪಾಲು ಅಕ್ಕಪಕ್ಕ ಬಂತು. ಇಬ್ಬರೂ ದುಡಿಯುವವರೇ, ಮೈಗಳ್ಳರಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ. ಕಥೆ ಅಂದ ಕೂಡಲೇ ಕೆಟ್ಟವನು ಯಾರು ಎಂದು ಹುಡುಕುವ ಚಟ ನಿಮಗಿದೆ. ಇದರಲ್ಲಿ ಅಂಥವನು ಸಿಗುವುದಿಲ್ಲ. ಎಲ್ಲರೂ ತಮ್ಮ ತಮ್ಮ ಪಾಲನ್ನು ಚೊಕ್ಕವಾಗಿ ಮಾಡಿದವರೇ.

ಆ ಮಳೆಗಾಲದಲ್ಲಿ ಬೀರ ಗೌಡನ ಮಗಳು ಮಂಕಾಳಿ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಆ ಊರಿನಲ್ಲಿ ಹುಟ್ಟಿದ ಮಗುವಿಗೆ ಮೊದಲ ಅನ್ನದ ತುತ್ತು ಸ್ವಂತ ಗದ್ದೆಯ ಕಗ್ಗದ್ದೇ ಆಗಬೇಕು. ಮಂಕಾಳಿಗೂ ಹಾಗೆಯೇ ತಿನ್ನಿಸಿದ್ದರು, ಅವಳ ಅಪ್ಪನಿಗೂ ಹಾಗೆಯೇ.

"ಅಪ್ಪಾ, ನನ್ನ ಮಗೂಗೂ ನಿನ್ನ ಕೈಯಿಂದಲೇ ಆಗ್ಬೇಕು" ಎಂದಳು ಮಂಕಾಳಿ.

"ಅದೊಂದು ಕೇಳೂ ಮಾತಾ? ಮನೆ ತುಂಬ ಅದೇ ಇರ್ತದಲ್ಲ" ಎಂದು ಬೀರ ಗೌಡ ನಕ್ಕ.

ಬಿತ್ತಿದ ಭತ್ತ ಗೇಣುದ್ದ ಎದ್ದಿತ್ತು. ಒಂದು ಬೆಳಿಗ್ಗೆ ಬೀರ ಗೌಡ ತಲೆಯ ಮೇಲೆ ಮಣ್ಣಿನ ಬುಟ್ಟಿ ಹೊತ್ತು ಕಟ್ಟೆಯ ಮೇಲೆ ಬರುತ್ತಿದ್ದ. ಅವನ ಪಾಲಿಗೂ ಸಣ್ಣುವಿನ ಪಾಲಿಗೂ ನಡುವಿನ ಗಡಿಕಲ್ಲಿನ ಬುಡದಲ್ಲಿ ಏಡಿ ಬಿಲ ತೋಡಿತ್ತು. ಮುಷ್ಟಿ ಹೋಗುವಷ್ಟು ತೂತು. ಅದರಿಂದ ಉಪ್ಪುನೀರು ಒಳಗೆ ಜಿನುಗುತ್ತಿತ್ತು. ಒಂದು ಬುಟ್ಟಿ ಮಣ್ಣು ಸಾಕಿತ್ತು, ಆ ಬುಟ್ಟಿ ತಲೆಯ ಮೇಲೇ ಇತ್ತು. ಬೀರ ಗೌಡ ಬಗ್ಗಿ ನೋಡಿದ. ತೂತು ಕಲ್ಲಿನ ಆಚೆಗೇ ಹೆಚ್ಚು ಅನ್ನಿಸಿತು. "ಸಣ್ಣು ಮುಚ್ಚಿಕೊಳ್ಳಲಿ" ಎಂದುಕೊಂಡು, ಆಗಲೇ ಎತ್ತರವಾಗಿದ್ದ ತನ್ನ ಪಾಲಿನ ಮೇಲೆ ಮಣ್ಣು ಸುರಿದು ಹೋದ.

ಸಂಜೆ ಸಣ್ಣು ಗೌಡನೂ ಬಂದು ನೋಡಿದ. ಅವನ ಕಣ್ಣಿಗೆ ತೂತು ಬೀರನ ಪಾಲಿನ ಕಡೆಗೇ ಹೆಚ್ಚಿತ್ತು. "ಇವತ್ತು ನಾನು ಮುಚ್ಚಿದ್ರೆ ಇದು ನನಗೇ ಗಂಟು ಬೀಳ್ತದೆ" ಎಂದುಕೊಂಡು ಅವನೂ ಹೋದ. ಊರಿನ ಇನ್ನೂ ಎಷ್ಟೋ ಜನ ಅದೇ ದಾರಿಯಲ್ಲಿ ಓಡಾಡಿದರು, ನೋಡಿದರು. ಅವರಿಬ್ಬರ ವಿಷಯ ನಮಗ್ಯಾಕೆ ಎಂದು ಸುಮ್ಮನಾದರು.

ಅಮಾವಾಸ್ಯೆಯ ಉಬ್ಬರಕ್ಕೆ ಗಾಳಿಯೂ ಸೇರಿತು. ಕಟ್ಟೆ ಅಲ್ಲೇ ಒಡೆಯಿತು. ಬೆಳಗಾಗುವಾಗ ಗದ್ದೆ ಯಾವುದು, ಹೊಳೆ ಯಾವುದು ಎಂದು ಗೊತ್ತಾಗದಂತೆ ನೀರು ನಿಂತಿತ್ತು. ಕಗ್ಗ ಉಪ್ಪು ತಡೆಯುತ್ತದೆ ನಿಜ, ಮುಳುಗಿಸಿ ಇಟ್ಟರೆ ಅದೂ ಕೊಳೆಯುತ್ತದೆ. ಬೀರ ಗೌಡನ ಗದ್ದೆ ಮಾತ್ರ ಅಲ್ಲ, ಇಡೀ ಊರಿನ ಗದ್ದೆ ಕೊಳೆತು ನಾರಿತು.

ಆಗಲಾದರೂ ಎಲ್ಲರೂ ಸೇರಿ ಒಡಕು ಮುಚ್ಚಿದರೇ? ಇಲ್ಲ. "ನಿನ್ನ ಕಡೆಯಿಂದ ಒಡೆದದ್ದು" ಎಂದು ಒಬ್ಬ, "ನಿನ್ನ ಕಡೆಯಿಂದ" ಎಂದು ಇನ್ನೊಬ್ಬ. ಗಡಿಕಲ್ಲು ನೀರಿನಲ್ಲಿ ಕೊಚ್ಚಿಹೋಗಿತ್ತು, ಹಾಗಾಗಿ ಜಗಳ ಮುಗಿಯುವ ಹಾಗೂ ಇರಲಿಲ್ಲ. ಊರು ಎರಡು ಪಾರ್ಟಿಯಾಯಿತು. ಉಪ್ಪುನೀರು ದಿನಾ ಒಳಗೆ ಬಂದು ಹೋಗುತ್ತಲೇ ಇತ್ತು.

ಕೊಯ್ಲಿಲ್ಲದ ಆ ವರ್ಷ ಮನೆಗಳಲ್ಲಿ ಒಲೆ ಉರಿಯುವುದೇ ಕಷ್ಟವಾಯಿತು. ಬಿತ್ತನೆ ಕೆಟ್ಟರೆ ಮತ್ತೆ ಬಿತ್ತಲು ಇರಲಿ ಎಂದು ಪ್ರತಿ ಮನೆಯ ಅಟ್ಟದಲ್ಲೂ ಹುಲ್ಲಿನಲ್ಲಿ ಬಿಗಿದ ಬೀಜದ ಮುಡಿ ಒಂದಿರುತ್ತಿತ್ತು. ಒಂದೊಂದೇ ಮನೆಯವರು ಅದನ್ನೂ ಬಿಚ್ಚಿ, ಕುಟ್ಟಿ, ಗಂಜಿ ಕಾಯಿಸಿದರು. ಹಸಿದವರನ್ನು ಬಯ್ಯಲು ನನಗೆ ಬಾಯಿ ಬರುವುದಿಲ್ಲ.

ಮಂಕಾಳಿಗೆ ಹೆಣ್ಣು ಮಗು ಹುಟ್ಟಿತು. ಅನ್ನ ತಿನ್ನಿಸುವ ಕಾಲ ಬಂದಾಗ ಬೀರ ಗೌಡ ಬಟ್ಟಲು ಹಿಡಿದು, ನಾಚಿಕೆ ಬಿಟ್ಟು, ಸಣ್ಣು ಗೌಡನ ಅಂಗಳಕ್ಕೆ ಹೋಗಿ ನಿಂತ.

"ಸಣ್ಣು, ಜಗಳ ಆಮೇಲೆ ಆಡುವ. ಮೊಮ್ಮಗಳ ಬಾಯಿಗೆ ಒಂದು ಮುಷ್ಟಿ ಕಗ್ಗ ಕೊಡು ಮಾರಾಯ."

ಸಣ್ಣು ಗೌಡ ತಲೆ ತಗ್ಗಿಸಿದ. "ಖಾಲಿಯಾಯ್ತೋ ಬೀರ. ಬೀಜಕ್ಕೆ ಅಂತ ನಿನ್ನ ಮನೇಲಿ ಇದ್ದೇ ಇರ್ತದೆ ಅಂದ್ಕೊಂಡಿದ್ದೆ."

"ನಿನ್ನ ಮನೇಲಿ ಇರ್ತದೆ ಅಂತಲೇ ನಾನು ನಮ್ಮದನ್ನ ತಿಂದು ಮುಗಿಸಿದ್ದು" ಎಂದ ಬೀರ ಗೌಡ.

ಇಬ್ಬರೂ ಜೊತೆಯಾಗಿ ಮನೆಮನೆಗೆ ಹೋದರು. ಎಲ್ಲ ಕಡೆಯೂ ಅದೇ ಉತ್ತರ, ಪಕ್ಕದ ಮನೆಯಲ್ಲಿರಬಹುದು. ಸುತ್ತಲಿನ ಊರುಗಳಿಗೂ ಹೋದರು. ಅಲ್ಲಿನವರು ಗದ್ದೆಗಳನ್ನು ಸಿಗಡಿ ಕೆರೆ ಮಾಡಿ ಎಷ್ಟೋ ಕಾಲವಾಗಿತ್ತು. ಅಜ್ಜಿಯರು ತಲೆತಲಾಂತರದಿಂದ ಉಳಿಸಿಕೊಂಡು ಬಂದ ಬೀಜ ಒಂದೇ ವರ್ಷದಲ್ಲಿ ತೀರಿಹೋಗಿತ್ತು.

ಆಮೇಲೆ ಜನರಿಗೆ ಬುದ್ಧಿ ಬಂತು. ಊರಿಗೆ ಊರೇ ಸೇರಿ ಒಂದೇ ದಿನದಲ್ಲಿ ಒಡಕು ಮುಚ್ಚಿತು. ಅಷ್ಟೇ ಕೆಲಸ ಇದ್ದದ್ದು. ಮುಂದಿನ ಮಳೆಗಾಲಕ್ಕೆ ಘಟ್ಟದ ಮೇಲಿನಿಂದ ಬೇರೆ ಬೀಜ ತಂದು ಬಿತ್ತಿದರು. ಅದು ಉಪ್ಪಿಗೆ ಸುಟ್ಟು ಹಳದಿಯಾಗಿ ಸತ್ತಿತು.

ಇದಕ್ಕೆಲ್ಲ ಮೊದಲೇ, ಅನ್ನ ತಿನ್ನಿಸುವ ದಿನ, ಮಗುವಿಗೆ ಅಂಗಡಿಯಿಂದ ಕೊಂಡು ತಂದ ಅಕ್ಕಿಯ ಅನ್ನ ಮಾಡಿದ್ದರು. ಬೀರ ಗೌಡ ಒಂದು ಅಗುಳನ್ನು ಹಿಸುಕಿ ಬಾಯಿಗಿಟ್ಟ. ಮಗು ಚಪ್ಪರಿಸಿ ನುಂಗಿತು, ಇನ್ನೂ ಬೇಕೆಂದು ಬಾಯಿ ತೆರೆಯಿತು. ಸುತ್ತ ಕೂತ ಹೆಂಗಸರು ನಕ್ಕರು. ಮಂಕಾಳಿ ನಗಲಿಲ್ಲ. ಮಗು ಉಗುಳಿ ಅತ್ತಿದ್ದರೆ ಬೀರ ಗೌಡನಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲ. ತನಗೆ ಸೇರಬೇಕಾದ್ದು ಏನು ಕಳೆದುಹೋಯಿತು ಎಂದು ಆ ಮಗುವಿಗೆ ಗೊತ್ತಿರಲಿಲ್ಲ. ಇನ್ನು ಯಾವತ್ತೂ ಗೊತ್ತಾಗುವುದೂ ಇಲ್ಲ.

ನೀತಿ: ಮುಂದೆ ಹುಟ್ಟುವವರು ತಮಗೆ ಬರಬೇಕಾದ್ದನ್ನು ಕೇಳಲು ನಮ್ಮ ಅಂಗಳಕ್ಕೆ ಬರಲಾರರು, ನಮ್ಮೊಡನೆ ಜಗಳವನ್ನೂ ಆಡಲಾರರು. ಅವರಿಗಾಗಿ ಕಾಯಬೇಕಾದ್ದನ್ನು ಪಾಲು ಹಾಕಿಕೊಂಡು ಕಾಯಲಿಕ್ಕಾಗುವುದಿಲ್ಲ. ಇನ್ನೊಬ್ಬರು ನೋಡಿಕೊಳ್ಳುತ್ತಾರೆ ಎಂದು ಬಿಟ್ಟದ್ದು ಯಾರಿಗೂ ಉಳಿಯುವುದಿಲ್ಲ. ಕಳೆದುಕೊಂಡ ಮೇಲೆ ಒಂದಾಗುವುದಕ್ಕಿಂತ, ಇರುವಾಗಲೇ ಒಂದಾಗಿ ಉಳಿಸಿಕೊಳ್ಳಿ.