ಕೆನ್ನೆಯ ಮೇಲೆ ಬಿದ್ದ ಅಂಕಿ

"ಗುರುಗಳೇ, ಒಳ್ಳೆಯ ಮಾತನ್ನು ಜೋಪಾನವಾಗಿ ಇಟ್ಟುಕೊಂಡರೆ ಅದು ಕೆಡುತ್ತದೆಯೇ?" ಎಂದು ಶಿಷ್ಯ ಚೆನ್ನವೀರ ಕೇಳಿದ.

ಯಾಕೆ ಕೇಳಿದನೆಂದು ಗುರುಗಳಿಗೆ ಗೊತ್ತಿತ್ತು. ಮನೆ ಬಿಟ್ಟು ಮಠಕ್ಕೆ ಬರುವ ದಿನ ಅವನು ತನ್ನನ್ನು ಸಾಕಿದ ಅಕ್ಕನಿಗೆ ಆಡಬಾರದ ಮಾತು ಆಡಿ ಬಂದಿದ್ದ. ತಪ್ಪಾಯಿತೆಂದು ಪತ್ರ ಬರೆದು ಆರು ವರ್ಷವಾಗಿತ್ತು. ಪತ್ರ ಇನ್ನೂ ಪೆಟ್ಟಿಗೆಯ ತಳದಲ್ಲೇ ಇತ್ತು. ಒಳ್ಳೆಯ ಸಮಯ ನೋಡಿ ಕಳಿಸುತ್ತೇನೆ ಎನ್ನುವುದು ಅವನ ನೆಪ.

ಗುರುಗಳು ಹೇಳಿದರು:

ಬಂದರಿನ ಊರೊಂದರಲ್ಲಿ ಒಬ್ಬ ಫೋಟೊಗ್ರಾಫರ್ ಇದ್ದ. ಅವನಲ್ಲಿ ಒಂದು ಹಳೆಯ ಕ್ಯಾಮೆರಾ ಇತ್ತು. ಅದರ ರೀಲಿಗೆ ಹನ್ನೆರಡು ಚಿತ್ರ. ಆ ಫಿಲ್ಮಿನ ಬೆನ್ನಿಗೆ ಉದ್ದಕ್ಕೂ ಒಂದು ಕಾಗದ ಇರುತ್ತದೆ. ಬೆಳಕು ತಾಗದಂತೆ ಕಾಯುವುದು ಅದರ ಕೆಲಸ. ಎಷ್ಟನೆಯ ಚಿತ್ರ ಎಂದು ತಿಳಿಯಲು ಅದರ ಹೊರಮೈಯಲ್ಲಿ ಚುಕ್ಕಿ, ಅಂಕಿಗಳನ್ನು ಅಚ್ಚು ಹಾಕಿರುತ್ತಾರೆ. ಎರಡನ್ನೂ ಒಟ್ಟಿಗೆ ಸುರುಳಿ ಸುತ್ತಿರುತ್ತಾರೆ; ಹಾಗಾಗಿ ಒಂದು ಸುತ್ತಿನ ಅಂಕಿ ಪಕ್ಕದ ಸುತ್ತಿನ ಫಿಲ್ಮಿಗೆ ಒತ್ತಿಕೊಂಡಿರುತ್ತದೆ.

ಯುಗಾದಿಯ ಹೊತ್ತಿಗೆ ದೋಣಿ ಕಟ್ಟುವ ಮುದುಕನೊಬ್ಬ ಹೆಂಡತಿಯನ್ನು ಕರೆದುಕೊಂಡು ಬಂದ. ಆಕೆ ಹುಟ್ಟಿದಂದಿನಿಂದ ಫೋಟೊ ತೆಗೆಸಿಕೊಂಡವಳಲ್ಲ. ಫೋಟೊಗ್ರಾಫರ್ ಆಕೆಯನ್ನು ಸುಣ್ಣದ ಗೋಡೆಯ ಮುಂದೆ ಕೂರಿಸಿ ಮೂರು ಚಿತ್ರ ತೆಗೆದ. ಒಂಬತ್ತು ಉಳಿದವು. ರೀಲು ತುಂಬಲಿ, ಆಮೇಲೆ ಔಷಧದಲ್ಲಿ ತೊಳೆದು ಚಿತ್ರ ಮೂಡಿಸಿದರಾಯಿತು ಎಂದುಕೊಂಡ. ದಿನದ ಗಿರಾಕಿಗಳಿಗೆ ಬೇರೆ ಕ್ಯಾಮೆರಾ ಇತ್ತು. ಇದು ಮನಸ್ಸಿಗೆ ಹಿಡಿಸಿದ ಮುಖಗಳಿಗೆ ಮಾತ್ರ. ಅಂಥ ಮುಖ ಮತ್ತೆ ಬರಲಿಲ್ಲ. ದೊಡ್ಡ ರಸಿಕ, ಪಾಪ.

ಮುದುಕ ಎರಡು ಸಲ ಬಂದು ಕೇಳಿದ. ಇನ್ನೊಂದು ವಾರ ಎಂದು ಇವನು ಸಾಗಹಾಕಿದ. ಬೇಸಿಗೆಯ ಸೆಕೆ ಕಳೆದು ಮಳೆಗಾಲದ ತೇವ ಬಂತು. ಶ್ರಾವಣದಲ್ಲಿ ಮುದುಕಿ ತೀರಿಕೊಂಡಳು.

ಮೂರನೆಯ ಸಲ ಮುದುಕ ಬಂದವನು ಏನನ್ನೂ ಕೇಳದೆ ಬಾಗಿಲಲ್ಲಿ ನಿಂತ. ಫೋಟೊಗ್ರಾಫರ್ ಅಂದೇ ರೀಲು ಬಿಚ್ಚಿ ತೊಳೆದ. ಉಳಿಸಿಕೊಂಡ ಒಂಬತ್ತೂ ದಂಡವಾದವು. ತೆಗೆದ ಮೂರರಲ್ಲಿ ಎರಡರಲ್ಲಿ ಮುದುಕಿ ಕಣ್ಣು ಮುಚ್ಚಿದ್ದಳು. ಒಂದರಲ್ಲಿ ನಕ್ಕಿದ್ದಳು. ಆ ನಗುವ ಕೆನ್ನೆಯ ಮೇಲೆ ಐದು ಎಂಬ ಅಂಕಿ ಮೂಡಿತ್ತು.

ತೊಳೆಯುವ ಔಷಧ ಕೆಟ್ಟಿತೇನೋ ಎಂದು ಹೊಸದು ಕಲಸಿ ಬೇರೆ ರೀಲು ತೊಳೆದು ನೋಡಿದ. ಅದು ಸ್ವಚ್ಛವಾಗಿತ್ತು. ಕ್ಯಾಮೆರಾದ ಹಿಂದೆ ಅಂಕಿ ನೋಡಲು ಇರುವ ಕೆಂಪು ಕಿಂಡಿಯಿಂದ ಬೆಳಕು ನುಸುಳಿತೇನೋ ಎಂದು ಅದನ್ನು ಮುಚ್ಚಿಯೂ ಚಿತ್ರ ತೆಗೆದ, ತೆರೆದೂ ತೆಗೆದ. ಎರಡೂ ಸ್ವಚ್ಛ. ಕಡೆಗೆ ಫಿಲ್ಮಿನ ಅಂಗಡಿಗೆ ಹೋಗಿ, ಕೆಟ್ಟ ಮಾಲು ಕೊಟ್ಟೆ ಎಂದು ಅಂಗಡಿಯವನ ಮೇಲೆ ಹರಿಹಾಯ್ದ. ಅಂಗಡಿಯವನು ಎದುರಾಡಲಿಲ್ಲ. ಆ ರೀಲಿನ ಕಾಗದ ತರಿಸಿ ಚಿತ್ರದ ಪಕ್ಕದಲ್ಲಿ ಹಿಡಿದ. ಅದೇ ಐದು. ಇದು ಕ್ಯಾಮೆರಾದಲ್ಲಿ ಎಷ್ಟು ದಿನ ಇತ್ತು ಎಂದಷ್ಟೇ ಕೇಳಿದ. ಯುಗಾದಿಯಿಂದ ಎಂದು ಫೋಟೊಗ್ರಾಫರ್ ಒಪ್ಪಿಕೊಂಡ. ಸೆಕೆಗೂ ತೇವಕ್ಕೂ ಕಾಗದದ ಶಾಯಿ ಫಿಲ್ಮಿಗೆ ಇಳಿದಿತ್ತು. ಕಾಯಲೆಂದು ಸುತ್ತಿದ್ದೇ ಕಲೆ ಮಾಡಿತ್ತು.

ಒರೆಸಿದರೆ ಹೋಗುವ ಕಲೆಯಲ್ಲ ಅದು. ಅವನು ಚಿತ್ರವನ್ನು ಮುದುಕನ ಕೈಗಿಟ್ಟು, ತಪ್ಪು ನನ್ನದೇ ಎಂದು ಎಲ್ಲವನ್ನೂ ಹೇಳಿದ. ಮುದುಕನಿಗೆ ಸಿಟ್ಟು ಬರಲಿಲ್ಲ. ಹೆಬ್ಬೆರಳಿನಿಂದ ಆ ಕೆನ್ನೆಯನ್ನು ಎರಡು ಸಲ ಉಜ್ಜಿದ.

"ಇನ್ನೊಂದು ತೆಗೀರಿ ಅನ್ನೋಣ ಅಂದ್ರೆ, ಅವಳಿಲ್ವಲ್ಲ" ಎಂದ.

ಗುರುಗಳು ಕತೆ ನಿಲ್ಲಿಸಿದರು. ಚೆನ್ನವೀರ ಒಪ್ಪಲಿಲ್ಲ.

"ಫಿಲ್ಮು ಕೆಡುತ್ತದೆ, ಸರಿ. ಆದರೆ ನನ್ನ ಪತ್ರ ಭದ್ರವಾಗಿದೆ, ಗುರುಗಳೇ. ನಿನ್ನೆಯೂ ತೆಗೆದು ನೋಡಿದೆ, ಒಂದು ಅಕ್ಷರವೂ ಮಾಸಿಲ್ಲ."

"ಪತ್ರ ಇರಲಿ," ಎಂದರು ಗುರುಗಳು, "ಅಕ್ಕ ಹೇಗಿದ್ದಾಳೆ?"